ಹನ್ನೊಂದನೆಯ ಅಳು

ಬುಧವಾರ ನಮ್ಮ ಊರಿನಲ್ಲಿ ಯಾರೂ ಗಡ್ಡ ಹೆರೆಸಿಕೊಳ್ಳುವುದಿಲ್ಲ. ದರ್ಜಿಗಳು ಕತ್ತರಿ ಮುಟ್ಟುವುದಿಲ್ಲ, ಹೆಂಗಸರು ಈಳಿಗೆಮಣೆಯನ್ನು ಮೂಲೆಗಿಟ್ಟು ಬರೀ ಬೇಳೆಸಾರಿನಲ್ಲಿ ದಿನ ಕಳೆಯುತ್ತಾರೆ, ಲೈನ್‌ಮನ್ ಇಮಾಮ್‌ಸಾಬ್ ಏನೇ ಆದರೂ ಕಂಬ ಹತ್ತುವುದಿಲ್ಲ. ಬುಧವಾರ ಹೋದ ಕರೆಂಟು ಗುರುವಾರ ಬರುತ್ತದೆ. ಹೊರಗಿನಿಂದ ಬಂದವರು ಇದನ್ನೆಲ್ಲ ನೋಡಿ ಸೋಮಾರಿಗಳ ಊರು ಎಂದುಕೊಳ್ಳುತ್ತಾರೆ. ನಾನೂ ಮೊದಲು ಹಾಗೇ ಎಂದುಕೊಂಡಿದ್ದೆ. ಬುಧವಾರ ಲಸಿಕೆಯ ದಿನ, ಮತ್ತು ನಮ್ಮ ಊರಿನಲ್ಲಿ ಚುಚ್ಚಿಸಿಕೊಂಡ ಕೂಸು ಅಳುವುದಿಲ್ಲ. ಅದರ ನೋವೂ ಅಳುವೂ ಊರಿನ ಇನ್ಯಾರಿಗೋ ಹೋಗುತ್ತದೆ.

ಯಾರಿಗೆ ಎಂದು ಮೊದಲೇ ಹೇಳುವಂತಿಲ್ಲ. ನಾನು ಈ ಊರಿನ ಆರೋಗ್ಯ ಉಪಕೇಂದ್ರಕ್ಕೆ ನರ್ಸಾಗಿ ಬಂದ ಮೊದಲ ಬುಧವಾರ, ಒಂದು ಕೂಸಿನ ತೊಡೆಗೆ ಸೂಜಿ ಹಾಕಿದೆ. ಕೂಸು ನನ್ನ ಮೂಗುಬೊಟ್ಟು ನೋಡಿ ನಕ್ಕಿತು. ಅದೇ ಹೊತ್ತಿಗೆ ಎದುರಿನ ಸಹಕಾರ ಸಂಘದ ಒಳಗಿಂದ, ಆರಡಿ ಎತ್ತರದ ಕಾರ್ಯದರ್ಶಿಯ ಬಾಯಿಂದ, ಎರಡು ತಿಂಗಳ ಕೂಸಿನ ಅಳು ಕೇಳಿಸಿತು. ಅವರು ತೊಡೆ ಹಿಡಿದುಕೊಂಡು ಹೊರಗೆ ಬಂದರು. ಕಣ್ಣು ತುಂಬ ನೀರು, ಮುಖದ ತುಂಬ ನಗು. ‘ನನಗೆ ಬಂತು, ನನಗೆ ಬಂತು’ ಎಂದು ಬೀದಿಯವರಿಗೆಲ್ಲ ಹೇಳಿದರು. ನಾನು ಹಣೆ ಚಚ್ಚಿಕೊಂಡೆ.

ಹಾಗೆ ಅಳು ಬಂದ ಗಂಡಸು ಆ ಕೂಸಿಗೆ ಅಳುಮಾವ, ಹೆಂಗಸಾದರೆ ಅಳುಚಿಕ್ಕಮ್ಮ. ಒಮ್ಮೆ ಯಾರಿಗೆ ಬಂತೋ, ಆ ಕೂಸಿನ ಮುಂದಿನ ಚುಚ್ಚುಮದ್ದುಗಳ ಅಳುವೂ ಅವರಿಗೇ. ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಉಸುರುವುದು ಅವರ ಹಕ್ಕು. ಬದಲಿಗೆ, ಕೂಸಿನ ಐದು ವರ್ಷದ ಲಸಿಕೆ ಮುಗಿಯುವವರೆಗೆ ಅವರು ಬುಧವಾರ ಚೂಪಾದ ಯಾವುದನ್ನೂ ಕೈಯಲ್ಲಿ ಹಿಡಿಯುವಂತಿಲ್ಲ, ಅಳು ಬಂದಾಗ ಕೈ ಅಲುಗೀತು ಎಂದು. ಉಳಿದವರು ತಮಗೇನಾದರೂ ಹೊಸದಾಗಿ ಬಂದೀತು ಎಂದು ಮುನ್ನೆಚ್ಚರಿಕೆಗೆ ಹಿಡಿಯುವುದಿಲ್ಲ. ಪರ ಊರಿನವರಿಗೆ ಮಾತ್ರ ಅಳು ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದಕ್ಕೇ ಸೂಜಿ ಹಿಡಿಯಲು ಇವರಿಗೆ ಯಾವಾಗಲೂ ಹೊರಗಿನ ನರ್ಸೇ ಬೇಕು. ನನಗಿಂತ ಮುಂಚೆ ಎರಡು ವರ್ಷ ಯಾರೂ ಬಂದಿರಲಿಲ್ಲವಂತೆ. ಆ ಎರಡು ವರ್ಷದಲ್ಲಿ ಊರಿನ ಮಕ್ಕಳಿಗೆ ದಡಾರ ಬಂದು, ನಾಯಿಕೆಮ್ಮು ಬಂದು ಪಟ್ಟ ಪಾಡನ್ನು ಇಲ್ಲಿಯವರು ಈಗಲೂ ದನಿ ತಗ್ಗಿಸಿ ಹೇಳುತ್ತಾರೆ.

ನನ್ನ ಹೆಸರು ವಿಮಲಾಕ್ಷಿ. ಇಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ಸೂಜಿ ಸಿಸ್ಟರ್ ಎನ್ನುತ್ತಾರೆ. ನಾನು ಹುಟ್ಟಾ ಸಿಡುಕಿ. ಬುಧವಾರ ಸಂಜೆ ನಾಲ್ಕಕ್ಕೆ ಅಳು ಬಂದವರೆಲ್ಲ ಉಪಕೇಂದ್ರದ ಜಗಲಿಗೆ ಬಂದು ಸೇರುತ್ತಿದ್ದರು. ಆಶಾ ಕಾರ್ಯಕರ್ತೆ ಕೊಟ್ರಮ್ಮ ಯಾವ ಕೂಸಿಗೆ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಚುಚ್ಚಿದ್ದು ಎಂದು ಬರೆದಿಟ್ಟುಕೊಂಡಿರುತ್ತಿದ್ದಳು. ಬಂದವರು ತಮಗೆ ಅಳು ಬಂದ ಹೊತ್ತು ಹೇಳಬೇಕು, ಅವಳು ತಾಳೆ ನೋಡಿ ಕೂಸನ್ನು ಕೈಗೆ ಕೊಡಬೇಕು. ಇವರ ಗಡಿಯಾರಗಳೋ, ಒಂದೊಂದು ಒಂದೊಂದು ದಿಕ್ಕಿಗೆ. ‘ಹತ್ತೂ ಹನ್ನೆರಡು ನಂದು’, ‘ಅಲ್ಲ ನಂದು’ ಎಂದು ದೊಡ್ಡವರು ಜಗಳವಾಡುವುದು ನೋಡಿ ನಾನು ಮೂರು ವರ್ಷ ಅವರನ್ನು ಗೋಳು ಹೊಯ್ದುಕೊಂಡಿದ್ದೆ. ‘ಒಂದು ಸೂಜಿಗೆ ಇಷ್ಟು ಕೂಗಾಟವಾ? ಎಲ್ಲ ನಾಟಕ’ ಎನ್ನುತ್ತಿದ್ದೆ. ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಪಾಪ, ಪರ ಊರಿನವಳು, ಇವಳಿಗೇನು ಗೊತ್ತು ಎಂಬಂತೆ ನೋಡುತ್ತಿದ್ದರು. ಆ ನೋಟ ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ನಾಲ್ಕನೆಯ ವರ್ಷದ ಒಂದು ಬುಧವಾರ ಹನ್ನೊಂದು ಕೂಸುಗಳು ಬಂದಿದ್ದವು. ಏಳನೆಯದು ಹಾಲಮ್ಮನ ಮಗಳು, ಒಂದೂವರೆ ತಿಂಗಳಿನದು. ಹಾಲಮ್ಮ ಮಂಡಕ್ಕಿ ಭಟ್ಟಿಯಲ್ಲಿ ಹುರಿಯುವವಳು. ಅವಳೂ ನನ್ನ ಹಾಗೆ ಹೊರಗಿನಿಂದ ಬಂದವಳೇ, ಆದರೆ ನನ್ನ ಹಾಗೆ ಮೂಗು ಮುರಿದವಳಲ್ಲ. ಮಗಳಿಗೆ ಒಬ್ಬ ಅಳುಮಾವನೋ ಅಳುಚಿಕ್ಕಮ್ಮನೋ ಸಿಕ್ಕಿಬಿಟ್ಟರೆ ಈ ಊರಿನಲ್ಲಿ ತನಗೂ ಒಂದು ಬಳಗವಾಯಿತು ಎಂದು ದಿನ ಎಣಿಸುತ್ತಿದ್ದಳು. ನಾನು ಕೂಸಿನ ತೊಡೆ ಒರೆಸಿ ಸೂಜಿ ಹಾಕಿದೆ. ಕೂಸು ಫ್ಯಾನಿನ ಕಡೆ ನೋಡುತ್ತ ಆರಾಮಾಗಿತ್ತು. ನನ್ನ ಬಲತೊಡೆಗೆ ಕೆಂಡ ಇಟ್ಟ ಹಾಗಾಯಿತು. ಹೊಟ್ಟೆಯಿಂದ ಒಂದು ದನಿ ಎದ್ದು ಗಂಟಲಿಗೆ ಬಂತು, ಅದು ನನ್ನದಲ್ಲ.

ಕೈ ಅಲುಗದಂತೆ ಹಲ್ಲು ಕಚ್ಚಿ ಔಷಧ ಪೂರ್ತಿ ಹಾಕಿದೆ, ಸೂಜಿ ಹೊರಗೆ ತೆಗೆದೆ, ಹತ್ತಿ ಒತ್ತಿದೆ. ಐಸ್‌ಪ್ಯಾಕ್ ಇಡುವ ಫ್ರಿಜ್ಜಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿ, ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡೆ. ಒಳಗಿದ್ದ ಅಳು ಅಲ್ಲೇ ಸುತ್ತಿ ಸುತ್ತಿ ಸಾಕಾಗಿ ತಣ್ಣಗಾಯಿತು. ಮುಖ ತೊಳೆದು ಹೊರಗೆ ಬಂದು ‘ಯಾರಮ್ಮ ಮುಂದಿನವರು?’ ಎಂದೆ. ಐಸ್‌ಪ್ಯಾಕ್ ತರಲು ಹೋಗಿದ್ದೆ ಎಂದು ಕೊಟ್ರಮ್ಮ ಎಂದುಕೊಂಡಿದ್ದಳು.

ಯಾಕೆ ನುಂಗಿದೆ ಎಂದರೆ, ನಾನು ಅಳುಚಿಕ್ಕಮ್ಮ ಎಂದಾದರೆ ಐದು ವರ್ಷ ಬುಧವಾರ ಸೂಜಿ ಹಿಡಿಯುವಂತಿಲ್ಲ. ನಾನು ಹಿಡಿಯದಿದ್ದರೆ ಇನ್ನು ಯಾರೂ ಹಿಡಿಯುವವರಿಲ್ಲ. ಮತ್ತೆ ಎರಡು ವರ್ಷ ಊರು ಲಸಿಕೆಯಿಲ್ಲದೆ ಕೂತರೆ? ಇದು ನಾನು ನನಗೆ ಹೇಳಿಕೊಂಡ ಕಾರಣ, ಸುಳ್ಳಲ್ಲ. ಆದರೆ ಇಷ್ಟೇ ಎಂದರೆ ಸುಳ್ಳಾಗುತ್ತದೆ. ಮೂರು ವರ್ಷ ನಾಟಕ ಎಂದು ಹಂಗಿಸಿದವಳು ಎಲ್ಲರೆದುರು ಕೂಸಿನ ದನಿಯಲ್ಲಿ ಅಳುವುದು ಹೇಗೆ? ನನಗೆ ನಾಚಿಕೆಯಾಗಿತ್ತು.

ಆ ಸಂಜೆ ಜಗಲಿಗೆ ಹತ್ತು ಜನ ಬಂದರು. ಹತ್ತು ಕೂಸುಗಳು ಹತ್ತು ಕೈಗೆ ಹೋದವು. ಬೆಲ್ಲ ಹಂಚಿದರು, ಫೋಟೋ ತೆಗೆಸಿಕೊಂಡರು, ಹೋದರು. ಹಾಲಮ್ಮ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಗೇಟಿನ ಕಡೆ ನೋಡುತ್ತ ಕೂತೇ ಇದ್ದಳು. ಯಾರಾದರೂ ಸೈಕಲ್ಲಿನಲ್ಲಿ ಬಂದರೆ ಎದ್ದು ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ಅವರು ಮುಂದೆ ಹೋದರೆ ಮತ್ತೆ ಕೂರುತ್ತಿದ್ದಳು. ಆರು ಗಂಟೆಗೆ ನಾನು ಬೀಗ ಹಿಡಿದು ನಿಂತೆ.

‘ಸಿಸ್ಟರ್, ನನ್ನ ಮಗೀಗೆ ಯಾರೂ ಅಳ್ಲಿಲ್ವೇನ್ರೀ?’ ಎಂದಳು.

‘ಯಾರಿಗೋ ಬಂದಿರುತ್ತೆ. ಹೊಲದಲ್ಲೋ ಎಲ್ಲೋ ಇರ್ತಾರೆ, ನಾಳೆ ಬರ್ತಾರೆ’ ಎಂದೆ. ಬೀಗ ಹಾಕಿ ಕೀಲಿಯನ್ನು ಚೀಲಕ್ಕೆ ಹಾಕಿಕೊಂಡೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನ ಯಾರೂ ಬರಲಿಲ್ಲ. ವಾರ ಕಳೆಯಿತು. ಊರಿಗೆ ಊರೇ ಹುಡುಕಲು ಹೊರಟಿತು. ಈ ಹುಡುಕಾಟದ ಮುಂದಾಳು ಕ್ಷೌರದ ತಿಪ್ಪೇಶಿ. ಬುಧವಾರದ ಕಟ್ಟುಪಾಡನ್ನು ಅವನಷ್ಟು ಕಟ್ಟುನಿಟ್ಟಾಗಿ ಪಾಲಿಸುವವರು ಇನ್ನೊಬ್ಬರಿಲ್ಲ, ಯಾಕೆಂದರೆ ಅವನು ಮೂರು ಮಕ್ಕಳ ಅಳುಮಾವ. ಅವನು ಕುರ್ಚಿಯಲ್ಲಿ ಕೂತವರ ಕೆನ್ನೆಗೆ ನೊರೆ ಬಳಿದು, ಅಲುಗದಂತೆ ಮಾಡಿ, ‘ಆವತ್ತು ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎಲ್ಲಿದ್ದೆ ಮಾರಾಯ? ಸತ್ಯ ಹೇಳು’ ಎಂದು ವಿಚಾರಣೆ ಮಾಡುತ್ತಿದ್ದ. ನನ್ನ ಬಳಿಯೂ ಬಂದ. ‘ಸಿಸ್ಟರ್, ನಿಮಗ್ಯಾರ ಮೇಲಾದ್ರೂ ಅನುಮಾನ ಐತಾ?’ ಎಂದು ಕೇಳಿದ. ‘ನನಗೇನಪ್ಪ ಗೊತ್ತು, ನಾನು ಪರ ಊರಿನವಳು’ ಎಂದೆ. ಅವನು ನಂಬಿ ತಲೆಯಾಡಿಸಿ ಹೋದ.

ಹಾಲಮ್ಮನ ಸಂಕಟ ನೋಡಲಾರದೆ ಮೂವರು ಸುಳ್ಳು ಹೇಳಲು ಮುಂದೆ ಬಂದರು. ಭಟ್ಟಿಯ ಯಜಮಾನರ ತಾಯಿ, ಸರ್ಕಾರಿ ಬಸ್ಸಿನ ಕಂಡಕ್ಟರ್ ಮತ್ತು ನಮ್ಮ ಕೊಟ್ರಮ್ಮ. ಹಾಲಮ್ಮ ಒಬ್ಬೊಬ್ಬರಿಗೂ ಕೂರಲು ಮಣೆ ಕೊಟ್ಟು, ‘ಹೆಂಗ್ ಅತ್ರಿ, ಸ್ವಲ್ಪ ಅತ್ತು ತೋರ್ಸಿ’ ಎಂದಳಂತೆ. ಕಂಡಕ್ಟರ್ ಬಹಳ ಚೆನ್ನಾಗಿ ಅತ್ತನಂತೆ. ಹಾಲಮ್ಮ ಪೂರ್ತಿ ಕೇಳಿ, ಟೀ ಕುಡಿಸಿ, ‘ಇದು ನನ್ನ ಮಗಳ ದನಿ ಅಲ್ರೀ ಅಣ್ಣಾ’ ಎಂದು ಕಳುಹಿಸಿದಳಂತೆ. ಬಂದ ಅಳು ಆಯಾ ಕೂಸಿನ ದನಿಯಲ್ಲೇ ಬರುತ್ತದೆ. ಹೆತ್ತವಳಿಗೆ ಅದು ಗೊತ್ತಾಗದೆ ಇರುವುದಿಲ್ಲ.

ಕೂಸಿಗೆ ಹೆಸರಿಡಲಿಲ್ಲ. ಉಸುರುವವರೇ ಇಲ್ಲದ ಮೇಲೆ ತೊಟ್ಟಿಲ ಶಾಸ್ತ್ರ ಹೇಗೆ? ನನ್ನ ರಿಜಿಸ್ಟರಿನಲ್ಲಿ ಅದು ‘ಹಾಲಮ್ಮನ ಮಗು’ ಎಂದೇ ಉಳಿಯಿತು. ಎರಡನೆಯ ಚುಚ್ಚುಮದ್ದಿನ ಬುಧವಾರ ಬಂತು, ಹಾಲಮ್ಮ ಬರಲಿಲ್ಲ. ಮುಂದಿನ ಬುಧವಾರವೂ ಇಲ್ಲ. ಅದರ ಮುಂದಿನದೂ ಇಲ್ಲ. ಕರೆಯಲು ಹೋದ ಕೊಟ್ರಮ್ಮ ಸಪ್ಪೆ ಮುಖ ಮಾಡಿಕೊಂಡು ಬಂದಳು. ‘ಅಳು ಬರ್ಲಿಲ್ಲ ಅಂದ್ರೆ ಸೂಜಿ ಒಳಗೇ ಹೋಗಿಲ್ಲ ಅಂತಾಳೆ. ಬರೀ ನೀರು ಹಾಕಿದ್ರಿ ಅಂತಾಳೆ. ಸುಮ್‌ಸುಮ್ನೆ ಚುಚ್ಚೋಕೆ ನನ್ನ ಮಗಳೇನು ಗೋಣಿಚೀಲಾನಾ ಅಂತ ಕೇಳ್ತಾಳೆ ಸಿಸ್ಟರ್.’

ಆ ವಾರವೇ ಕೆರೆಯಾಚೆಯ ಊರಿನಿಂದ ಸುದ್ದಿ ಬಂತು. ಅಲ್ಲಿ ಇಬ್ಬರು ಮಕ್ಕಳಿಗೆ ಗಂಟಲುಮಾರಿ. ಒಂದನ್ನು ದೊಡ್ಡಾಸ್ಪತ್ರೆಗೆ ಸೇರಿಸಿ ಗಂಟಲಿಗೆ ಕೊಳವೆ ಹಾಕಿದ್ದಾರೆ. ಗಂಟಲುಮಾರಿ ಬಂದ ಮಗುವನ್ನು ನಾನು ತರಬೇತಿಯ ಕಾಲದಲ್ಲಿ ಒಮ್ಮೆ ನೋಡಿದ್ದೇನೆ. ಗಂಟಲಿನೊಳಗೆ ಬೂದು ಬಣ್ಣದ ಪೊರೆ ಕಟ್ಟಿ, ಉಸಿರು ಎಳೆದುಕೊಳ್ಳಲು ಆ ಮಗು ಪಡುತ್ತಿದ್ದ ಒದ್ದಾಟ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಸಲದ ಚುಚ್ಚುಮದ್ದು ಅದನ್ನು ತಡೆಯಲು ಸಾಲದು, ಮೂರೂ ಬೇಕು. ಕೆರೆಯಾಚೆಯ ಊರಿಗೂ ನಮ್ಮ ಮಂಡಕ್ಕಿ ಭಟ್ಟಿಗಳಿಗೂ ದಿನಕ್ಕೆ ಹತ್ತು ಗಾಡಿ ಓಡಾಡುತ್ತವೆ. ನನ್ನ ನಾಚಿಕೆಯನ್ನು ಇನ್ನು ಕಾಪಾಡಿಕೊಂಡು ಕೂತರೆ ಅದರ ಬೆಲೆ ಆ ಹೆಸರಿಲ್ಲದ ಕೂಸು ಕೊಡಬೇಕಾಗಿತ್ತು.

ಮುಂದಿನ ಬುಧವಾರ ಉಪಕೇಂದ್ರದ ಕೆಲಸ ಮುಗಿಸಿ, ಲಸಿಕೆಯ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು, ಕೊಟ್ರಮ್ಮನ ಜೊತೆ ಭಟ್ಟಿಗೆ ಹೋದೆ. ಮಧ್ಯಾಹ್ನದ ಹೊತ್ತು. ಹಾಲಮ್ಮ ದೊಡ್ಡ ಬಾಣಲೆಯ ಮುಂದೆ ನಿಂತು ಕಾದ ಮರಳಿನಲ್ಲಿ ಅಕ್ಕಿ ತಿರುವುತ್ತಿದ್ದಳು. ಕೂಸು ದೂರದಲ್ಲಿ, ಹೊಗೆ ಬಾರದ ಕಡೆ, ಸೀರೆಯ ಜೋಲಿಯಲ್ಲಿ ಕೈಕಾಲು ಆಡಿಸುತ್ತಿತ್ತು. ನಾನು ಮೊದಲು ಸರ್ಕಾರಿ ಭಾಷಣ ಮಾಡಿದೆ. ರೋಗ, ಪೊರೆ, ಮೂರು ಸಲ, ನಾಲ್ಕು ವಾರದ ಅಂತರ. ಅವಳು ತಿರುವುತ್ತಲೇ ಇದ್ದಳು.

‘ಎಲ್ಲಾ ಸರಿ ಸಿಸ್ಟರ್. ನಮ್ಮನ್ನ ಊರು ಒಪ್ಪಲಿಲ್ಲ, ಅಷ್ಟೇ. ನಾವು ಬಂದೋರು. ನಮ್ಮ ಮಗಳ ನೋವು ಯಾರಿಗೆ ಬೇಕಾಗೈತೆ?’

ಆಗ ನನ್ನ ಬಾಯಿಂದ ಸತ್ಯ ಹೊರಗೆ ಬಂತು. ‘ಆ ಅಳು ನನಗೆ ಬಂದಿತ್ತು ಹಾಲಮ್ಮ. ಫ್ರಿಜ್ಜಿನ ಕೋಣೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡೆ. ತಪ್ಪು ಮಾಡಿದೆ.’

ಅವಳ ಕೈ ನಿಂತಿತು. ಪಕ್ಕದ ಬಾಣಲೆಯವರ ಕೈಯೂ ನಿಂತಿತು. ಕೊಟ್ರಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಹಾಲಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನೀವು ನಾಲ್ಕನೇಯೋರು. ಸಮಾಧಾನಕ್ಕೆ ಹೇಳೋರು ನನಗೆ ಸಾಕಾಗ್ಯಾರ್ರೀ’ ಎಂದಳು.

‘ಹಾಗಾದರೆ ಕೂಸನ್ನು ತಾ. ಈಗಲೇ ಚುಚ್ಚುತ್ತೇನೆ. ನಿನ್ನ ಮಗಳ ದನಿಯೋ ಅಲ್ಲವೋ ನೀನೇ ಕೇಳು.’

ಅಷ್ಟರಲ್ಲಿ ಸುದ್ದಿ ಭಟ್ಟಿಯ ಬೀದಿ ದಾಟಿತ್ತು, ತಿಪ್ಪೇಶಿ ಓಡಿ ಬಂದಿದ್ದ. ಇಬ್ಬರ ನಡುವೆ ಎರಡೂ ಕೈ ಅಗಲಿಸಿ ನಿಂತ. ‘ಆಗಂಗಿಲ್ಲ. ಇವ್ರು ಅಳುಚಿಕ್ಕಮ್ಮ ಹೌದು ಅಂದ್ಮೇಲೆ ಬುಧವಾರ ಸೂಜಿ ಹಿಡಿಯಂಗಿಲ್ಲ. ನಾನು ಕತ್ತಿ ಕೆಳಗಿಟ್ಟಿಲ್ವಾ? ಎಲ್ರಿಗೂ ಒಂದೇ ಕಟ್ಟುಪಾಡು.’

‘ಹಾಗಾದರೆ ನೀನು ಚುಚ್ಚಪ್ಪ’ ಎಂದು ಪೆಟ್ಟಿಗೆ ಅವನ ಮುಂದೆ ಹಿಡಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಕ್ಷೌರದ ಕತ್ತಿ ಹಿಡಿದು ಮೂವತ್ತು ವರ್ಷವಾಗಿದ್ದರೂ ಸೂಜಿ ಕಂಡರೆ ಅವನಿಗೆ ತಲೆ ತಿರುಗುತ್ತದೆ. ‘ಗುರುವಾರ ಮಾಡ್ರಿ’ ಎಂದ. ಗುರುವಾರ ಪೆಟ್ಟಿಗೆ ನನ್ನ ಕೈಯಲ್ಲಿರುವುದಿಲ್ಲ, ಅದು ತಾಲ್ಲೂಕಿಗೆ ವಾಪಸ್ಸು ಹೋಗುತ್ತದೆ ಎಂದು ಹೇಳಿದೆ. ಇಡೀ ಭಟ್ಟಿ ಯೋಚನೆಗೆ ಬಿತ್ತು. ಯಾರೋ ಒಬ್ಬರು ನನ್ನ ಕೈಯನ್ನು ಕಂಬಕ್ಕೆ ಕಟ್ಟಬಹುದು ಎಂದರು. ಇನ್ನೊಬ್ಬರು ಪಂಚಾಯ್ತಿ ಸೇರಿಸಬೇಕು ಎಂದರು.

ಹಾಲಮ್ಮ ತಿರುವುವ ಸೌಟು ಕೆಳಗಿಟ್ಟು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು. ‘ಕೈ ಅಲುಗಬಾರ್ದು, ಅಷ್ಟೇ ಅಲ್ವಾ ಕಟ್ಟುಪಾಡು? ಸಿಸ್ಟರ್ ಕೈ ನಾನು ಹಿಡ್ಕೋತೀನಿ. ಕೊಟ್ರಮ್ಮಕ್ಕ, ನೀನು ಮಗೀನ ಹಿಡ್ಕೋ.’ ತಿಪ್ಪೇಶಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಕೊಟ್ರಮ್ಮ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಳು. ಹಾಲಮ್ಮ ನನ್ನ ಹಿಂದೆ ನಿಂತು ಮುಂಗೈ ಹಿಡಿದಳು. ಹತ್ತು ವರ್ಷ ಕಾದ ಮರಳು ತಿರುವಿದ ಕೈ ಅದು. ಕಂಬಕ್ಕೆ ಕಟ್ಟಿದ್ದರೂ ನನ್ನ ಕೈ ಅಷ್ಟು ಬಿಗಿಯಾಗಿ ನಿಲ್ಲುತ್ತಿರಲಿಲ್ಲ. ನಾನು ಸೂಜಿ ಹಾಕಿದೆ. ಕೂಸು ಕೊಟ್ರಮ್ಮನ ಬಳೆ ನೋಡುತ್ತಿತ್ತು. ನನ್ನ ತೊಡೆ ಉರಿಯಿತು, ದನಿ ಎದ್ದಿತು. ಈ ಸಲ ಬಾಯಿ ತೆರೆದೆ.

ಅಷ್ಟು ಸಣ್ಣ ಎದೆಯಲ್ಲಿ ಅಷ್ಟು ದೊಡ್ಡ ಅಳು ಇರುತ್ತದೆ ಎಂದು ಇಷ್ಟು ವರ್ಷ ಸೂಜಿ ಹಾಕಿದ ನನಗೆ ಗೊತ್ತಿರಲಿಲ್ಲ. ನಡುವೆ ಉಸಿರು ಕಟ್ಟಿ, ಮತ್ತೆ ಎರಡು ಪಟ್ಟು ಜೋರಾಗಿ ಬಂತು. ಮೊದಲ ಸಲ ನುಂಗಿದ್ದೂ ಸೇರಿ ಬಂತೋ ಏನೋ. ಕಣ್ಣು ಮೂಗು ಎಲ್ಲ ಸೋರಿದವು. ಬೀದಿಯ ಆ ತುದಿಯ ಭಟ್ಟಿಯವರು ಹೊರಗೆ ಬಂದು ನೋಡಿದರು. ನನ್ನ ಕೈ ಮಾತ್ರ ಒಂದು ಕೂದಲೆಳೆಯೂ ಅಲುಗಲಿಲ್ಲ. ಔಷಧ ಪೂರ್ತಿ ಒಳಗೆ ಹೋಯಿತು.

ಹಾಲಮ್ಮ ಸೂಜಿಯನ್ನು ನನ್ನ ಕೈಯಿಂದ ಡಬ್ಬಿಗೆ ಹಾಕಿಸಿದವಳೇ ನನ್ನನ್ನು ತಿರುಗಿಸಿ, ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ‘ಇದು ನನ್ನ ಮಗಳೇ. ಕೇಳ್ರಿ ಎಲ್ರೂ, ಇದು ನನ್ನ ಮಗಳ ದನಿ’ ಎಂದಳು. ಆಮೇಲೆ ನನ್ನ ಬೆನ್ನು ತಟ್ಟುತ್ತ, ‘ಆಯ್ತು ಆಯ್ತು, ಅಳಬ್ಯಾಡ ನನ್ನವ್ವ, ಮುಗೀತು’ ಎಂದು ಅತ್ತ ಇತ್ತ ತೂಗಿದಳು. ನನಗೆ ಆಗ ನಲವತ್ತೊಂದು ವರ್ಷ. ಹಾಗೆ ನನ್ನನ್ನು ಯಾರೂ ತೂಗಿ ಎಷ್ಟೋ ಕಾಲವಾಗಿತ್ತು. ಹೇಳಲು ನಾಚಿಕೆಯೇನೂ ಇಲ್ಲ, ಬಹಳ ಹಿತವಾಗಿತ್ತು.

ಆ ದಿನ ಭಟ್ಟಿಯಲ್ಲಿ ಮತ್ತೆ ಕೆಲಸ ನಡೆಯಲಿಲ್ಲ. ಹೊಸ ಮಂಡಕ್ಕಿಗೆ ಬೆಲ್ಲ, ಕೊಬ್ಬರಿ ಕಲಸಿ ಬುಟ್ಟಿ ಬುಟ್ಟಿ ಹಂಚಿದರು. ತಿಪ್ಪೇಶಿ ಒಂದು ಬುಟ್ಟಿಯ ಮುಂದೆ ಕೂತು ಕಟ್ಟುಪಾಡಿಗೆ ಹೊಸ ಮಾತೊಂದನ್ನು ಸೇರಿಸಿದ. ಅಳುಚಿಕ್ಕಮ್ಮ ನರ್ಸೇ ಆಗಿದ್ದ ಪಕ್ಷದಲ್ಲಿ, ಹೆತ್ತವಳು ಅವಳ ಕೈ ಹಿಡಿಯತಕ್ಕದ್ದು. ಉಳಿದ ಮಕ್ಕಳಿಗೆ ಚುಚ್ಚಲು ಅಡ್ಡಿಯಿಲ್ಲ, ಯಾಕೆಂದರೆ ಆ ಅಳು ಅವಳದಲ್ಲ. ನಾನು ವಾರಗಟ್ಟಲೆ ಎದೆಯಲ್ಲಿ ಇಟ್ಟುಕೊಂಡು ಒದ್ದಾಡಿದ್ದನ್ನು ಅವನು ಒಂದು ಹಿಡಿ ಮಂಡಕ್ಕಿ ತಿನ್ನುವಷ್ಟರಲ್ಲಿ ಬಗೆಹರಿಸಿಬಿಟ್ಟ. ಮೊದಲೇ ಕೇಳಿದ್ದರೆ ಆಗುತ್ತಿತ್ತು. ಇವರನ್ನು ಕೇಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ.

ಭಾನುವಾರ ತೊಟ್ಟಿಲ ಶಾಸ್ತ್ರ. ನನಗೆ ಹಸಿರು ಸೀರೆ ಉಡಿಸಿ, ಮಡಿಲು ತುಂಬಿ ಕೂರಿಸಿದರು. ನಾನು ಬಗ್ಗಿ ಕೂಸಿನ ಕಿವಿಯಲ್ಲಿ ‘ಇಂಚರ’ ಎಂದೆ. ‘ಹತ್ತು ಭಟ್ಟಿ ನಿಲ್ಸಿದ ಗಂಟಲಿಗೆ ಇಂಚರ ಅಂತೆ’ ಎಂದು ತಿಪ್ಪೇಶಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವತ್ತೇ ರಿಜಿಸ್ಟರು ತೆಗೆದು ‘ಹಾಲಮ್ಮನ ಮಗು’ ಎಂಬುದರ ಮೇಲೆ ಗೀಟು ಎಳೆದು ಹೆಸರು ಬರೆದೆ. ಮೂರನೆಯ ಚುಚ್ಚುಮದ್ದಿಗೆ ಹಾಲಮ್ಮ ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ನಿಂತಿದ್ದಳು. ಗಂಟಲುಮಾರಿ ಆ ವರ್ಷ ಕೆರೆಯಾಚೆ ಇನ್ನೂ ಎರಡು ಊರು ಸುತ್ತಿತು, ನಮ್ಮಲ್ಲಿ ಯಾವ ಮಗುವನ್ನೂ ಮುಟ್ಟಲಿಲ್ಲ. ಕೊಳವೆ ಹಾಕಿಸಿಕೊಂಡಿದ್ದ ಮಗುವೂ ಹುಷಾರಾಗಿ ಮನೆಗೆ ಬಂತು ಎಂದು ಕಂಡಕ್ಟರ್ ಹೇಳಿದ.

ಆಮೇಲೆ ಇಂಚರಳಿಗೆ ಒಂಬತ್ತು ತಿಂಗಳಾದಾಗ ಒಂದು, ಒಂದೂವರೆ ವರ್ಷವಾದಾಗ ಒಂದು, ಐದು ವರ್ಷವಾದಾಗ ಒಂದು ಚುಚ್ಚುಮದ್ದು. ಪ್ರತಿಸಲವೂ ಹಾಲಮ್ಮ ನನ್ನ ಮುಂಗೈ ಹಿಡಿದಳು, ಪ್ರತಿಸಲವೂ ನಾನು ಬೀದಿಗೆ ಕೇಳುವಂತೆ ಅತ್ತೆ, ಜನ ಅದನ್ನು ಕೇಳಲೆಂದೇ ಬರತೊಡಗಿದರು. ಇಂಚರ ಅಷ್ಟು ಹೊತ್ತೂ ನನ್ನ ಮುಖ ನೋಡಿ ಕಿಲಕಿಲ ನಗುತ್ತಿದ್ದಳು. ಈ ಸಿಸ್ಟರನ್ನು ಅಳಿಸುವುದು ಒಂದು ಆಟ ಎಂದೇ ಅವಳು ತಿಳಿದಿದ್ದಳು.

ಹತ್ತು ವರ್ಷದವರ ಚುಚ್ಚುಮದ್ದು ಶಾಲೆಯಲ್ಲಿ ಹಾಕುತ್ತೇವೆ, ತೋಳಿಗೆ. ಆ ವಯಸ್ಸಿಗೆ ಬಂದ ಮೇಲೆ ಅಳು ಯಾರಿಗೂ ಹೋಗುವುದಿಲ್ಲ, ಅವರವರದು ಅವರವರಿಗೆ. ಮಗು ದೊಡ್ಡದಾಯಿತು ಎಂದು ಮನೆಯವರು ಪಾಯಸ ಮಾಡುತ್ತಾರೆ. ಹೋದ ಬುಧವಾರ ಇಂಚರಳ ಸರದಿ. ಎರಡು ಜಡೆ ಹಾಕಿಕೊಂಡು, ಸಾಲಿನಲ್ಲಿ ಎಲ್ಲರಿಗೂ ಧೈರ್ಯ ಹೇಳುತ್ತ ಬಂದು, ತೋಳು ಮುಂದೆ ಮಾಡಿ ನನ್ನ ಮುಖ ನೋಡಿ ನಕ್ಕಳು. ನಾನು ಸೂಜಿ ಹಾಕಿದೆ. ರೂಢಿಯಂತೆ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಏನೂ ಬರಲಿಲ್ಲ.

ಇಂಚರಳ ನಗು ನಿಂತುಹೋಯಿತು. ಕಣ್ಣು ಅಗಲವಾಯಿತು, ತುಂಬಿಕೊಂಡಿತು. ತೋಳು ಹಿಡಿದುಕೊಂಡು, ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು.

‘ಚಿಕ್ಕಮ್ಮಾ, ಆರೂ ಸಲ ನಿಮಗೆ ಇಷ್ಟು ನೋವಾಗಿತ್ತಾ?’

‘ಇಲ್ಲ ಕಣೇ, ಇರುವೆ ಕಚ್ಚಿದ ಹಾಗೆ ಅಷ್ಟೇ’ ಎಂದೆ.

ಅವಳು ನಂಬಲಿಲ್ಲ. ತನ್ನ ತೋಳು ಬಿಟ್ಟು ನನ್ನ ಮುಂದೆ ಕೂತು, ಬಲತೊಡೆಯನ್ನು ಸೀರೆಯ ಮೇಲಿಂದಲೇ ಅಂಗೈಯಿಂದ ಮೆಲ್ಲಗೆ ಉಜ್ಜತೊಡಗಿದಳು. ಎಲ್ಲಿ ಎಂದು ಅವಳಿಗೆ ಯಾರು ಹೇಳಿದ್ದರೋ, ಸರಿಯಾಗಿ ಅದೇ ಜಾಗ. ಸಾಲಿನಲ್ಲಿ ಇನ್ನೂ ಇಪ್ಪತ್ತು ಮಕ್ಕಳು ಕಾಯುತ್ತಿದ್ದರು. ಚುಚ್ಚಿದ ಜಾಗವನ್ನು ಉಜ್ಜಬಾರದು ಎಂದು ಸಿಕ್ಕಸಿಕ್ಕವರಿಗೆಲ್ಲ ಗದರಿಸುತ್ತ ಬಂದವಳು ನಾನು. ಅವಳ ಕೈಯನ್ನು ಮಾತ್ರ ತಡೆಯಲಿಲ್ಲ.